ಪ್ಯಾಂಟಿನೊಳಗಿನ ಮೂರು ಹೊಲಿಗೆ

ಟೇಲರ್ ಯಜಮಾನರಿಗೆ ಶ್ವಾಸಕೋಶದ ಕ್ಯಾನ್ಸರ್ ಅಂತೆ ಎಂದು ಕೇಳಿ ನೋಡಲು ಬಂದವರೆಲ್ಲ, ಕಾಯಿಲೆಯವರ ಹಾಗೆ ಕಾಣುವುದೇ ಇಲ್ಲ ಎಂದು ಹೇಳಿ ಹೋಗುತ್ತಿದ್ದರು. ಕಾಣುವುದಾದರೂ ಹೇಗೆ? ಪ್ಯಾಂಟು ಸಡಿಲವಾದಾಗಲೆಲ್ಲ ಅವರು ಸೊಂಟದ ಹತ್ತಿರ ಒಳಗೆ ಹಿಡಿದು ಹೊಲಿದುಕೊಳ್ಳುತ್ತಿದ್ದರು. ಮೂವತ್ತು ವರ್ಷ ಊರಿನವರ ಹೊಟ್ಟೆಯನ್ನೆಲ್ಲ ಅಂದವಾಗಿ ಮುಚ್ಚಿದ ಕೈಗೆ ಇಲ್ಲದ ಹೊಟ್ಟೆಯನ್ನು ಮುಚ್ಚುವುದು ಯಾವ ದೊಡ್ಡ ಮಾತು.

ಹೆಂಡತಿ ಅದೇ ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹಾಕುವವರು. ಗಂಡ ಎರಡು ತುತ್ತಿಗೇ ಸಾಕು ಅನ್ನುತ್ತಿದ್ದರು, ಇವರು ಬೈದು ಇನ್ನೊಂದು ಸೌಟು ಬಡಿಸುತ್ತಿದ್ದರು. ಬರಬರುತ್ತಾ ಒಬ್ಬರಿಗೆ ಉಣ್ಣುವುದಕ್ಕೂ ಇನ್ನೊಬ್ಬರಿಗೆ ಬೈಯುವುದಕ್ಕೂ ಸುಸ್ತಾಯಿತು.

ಒಂದು ದಿನ ಹೆಂಡತಿ ಒಗೆಯಲೆಂದು ಪ್ಯಾಂಟನ್ನು ಒಳಮಗ್ಗುಲು ತಿರುಗಿಸಿದರು. ಒಂದರ ಪಕ್ಕ ಒಂದು, ಮೂರು ಸಾಲು ಹೊಲಿಗೆ. ಒಳಗೆ ಹಿಡಿದ ಬಟ್ಟೆಯನ್ನು ಬೆರಳಿಟ್ಟು ಅಳೆದರು. ನಾಲ್ಕು ಬೆರಳು. ಆ ಪ್ಯಾಂಟು ಒಗೆಯಲಿಲ್ಲ, ಮಡಚಿ ಚೀಲಕ್ಕೆ ಹಾಕಿದರು.

ಮರುದಿನ ಆಸ್ಪತ್ರೆಯಲ್ಲಿ ಕೀಮೋ ಶುರುವಾಗಬೇಕಿತ್ತು. ನರ್ಸು ತೂಕ ನೋಡಿದರು, ಐವತ್ತೇಳು ಕೆಜಿ. ಆರು ತಿಂಗಳ ಹಿಂದೆ ಎಷ್ಟಿತ್ತು ಅಂದಾಗ ಯಜಮಾನರು, ಇಷ್ಟೇ, ಅಂದರು. ಹೆಂಡತಿ ಪ್ಯಾಂಟು ತೆಗೆದು ಮೇಜಿನ ಮೇಲೆ ಹರಡಿದರು.

"ಇವರ ಬಾಯಿ ಸುಳ್ಳು ಹೇಳುತ್ತೆ ಸಿಸ್ಟರ್. ಇವರ ಹೊಲಿಗೆ ಹೇಳಲ್ಲ."

ಕೆಮ್ಮಿಗೆಂದು ಮೊದಲು ತೋರಿಸಿದ ಕ್ಲಿನಿಕ್ಕಿನ ಚೀಟಿಯೂ ಚೀಲದಲ್ಲಿತ್ತು. ಐದು ತಿಂಗಳ ಹಿಂದಿನದು. ಅದರಲ್ಲಿ ತೂಕ ಅರವತ್ನಾಲ್ಕು.

ಸಣ್ಣಗಾಗಿದ್ದೇನೆ ಅಂದರೆ ಔಷಧಿ ಕೊಡುವುದಿಲ್ಲವೇನೋ ಎಂದು ಹೆದರಿದ್ದಾಗಿ ಯಜಮಾನರು ಒಪ್ಪಿಕೊಂಡರು. ಆದರೂ ಬಿಡಲಿಲ್ಲ. "ಕ್ಯಾನ್ಸರ್ ಬಂದವನು ಸಣ್ಣಗಾಗದೆ ಪೈಲ್ವಾನ್ ಆಗ್ತಾನಾ ಸಿಸ್ಟರ್?"

"ಇದು ಬರೀ ಸಣ್ಣಗಾಗೋದಲ್ಲ ಯಜಮಾನ್ರೇ. ಕ್ಯಾಕೆಕ್ಸಿಯಾ ಅಂತಾರೆ. ಕಾಯಿಲೆ ಮೈಯ ಮಾಂಸಖಂಡಾನೇ ಕರಗಿಸುತ್ತೆ, ಹಸಿವನ್ನೂ ಸಾಯಿಸುತ್ತೆ. ಹೀಗೆ ಕರಗೋರಿಗೆ ಔಷಧಿ ತಡ್ಕೊಳ್ಳೋದು ಕಷ್ಟ. ಬದುಕೋ ದಿನಗಳೂ ಕಮ್ಮಿ ಆಗಬಹುದು. ಎಷ್ಟು ಕರಗಿದ್ದೀರಿ ಅಂತ ಗೊತ್ತಾದ್ರೆ ತಾನೇ ಚಿಕಿತ್ಸೆ ಅದಕ್ಕೆ ಹೊಂದಿಸೋದು. ನೀವೇ ಹೇಳಿ, ಹಳೇ ಅಳತೆ ಇಟ್ಕೊಂಡು ಇವತ್ತಿನ ಗಿರಾಕಿಗೆ ಹೊಲೀತೀರಾ?"

ಆಮೇಲೆ ನರ್ಸು ಹೆಂಡತಿಯ ಕಡೆ ತಿರುಗಿದರು. "ಅಕ್ಕ, ಇವರು ಹಟಕ್ಕೆ ಊಟ ಬಿಟ್ಟಿಲ್ಲ. ನೀವು ಬಡಿಸಿದ್ದೂ ಕಮ್ಮಿಯಲ್ಲ."

ಆ ಹೆಂಗಸು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. ಎಷ್ಟೋ ತಿಂಗಳ ಮೇಲೆ ಕೂತ ಹಾಗಿತ್ತು.

ಡಾಕ್ಟರು ತೋಳು, ತೊಡೆ ಮುಟ್ಟಿ ನೋಡಿದರು, ಬಲ ನೋಡಲು ತಮ್ಮ ಕೈಯನ್ನು ಬಿಗಿಯಾಗಿ ಹಿಡಿಯಲು ಹೇಳಿದರು. ವಾಕರಿಕೆಗೆ ಮಾತ್ರೆ ಕೊಟ್ಟು, ಆಹಾರ ತಜ್ಞರ ಹತ್ತಿರ ಕಳಿಸಿದರು. ಸ್ವಲ್ಪಸ್ವಲ್ಪವೇ ಹಲವು ಸಲ ತಿನ್ನಬೇಕು, ಆದಷ್ಟು ನಡೆಯಬೇಕು. ಊಟವೊಂದರಿಂದಲೇ ಕಳೆದದ್ದೆಲ್ಲ ವಾಪಸ್ ಬರುವುದಿಲ್ಲ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು.

ಎರಡು ತಿಂಗಳಾಯಿತು. ತೂಕ ಏರಿಲ್ಲ, ಇಳಿದೂ ಇಲ್ಲ. ಕೀಮೋ ನಡೆಯುತ್ತಿದೆ. ಮನೆಯಲ್ಲಿ ತಟ್ಟೆಯ ಜಗಳ ನಿಂತಿದೆ. ಪ್ಯಾಂಟು ಸಡಿಲ ಅನ್ನಿಸಿದರೆ ಯಜಮಾನರು ಈಗ ಸೂಜಿ ಹುಡುಕುವುದಿಲ್ಲ, ಹೆಂಡತಿಯನ್ನು ಕರೆದು ತೋರಿಸುತ್ತಾರೆ.

ನಿಮ್ಮ ಮನೆಯಲ್ಲೂ ಈ ಕಾಯಿಲೆಯವರಿದ್ದರೆ ವಾರಕ್ಕೊಮ್ಮೆ, ಒಂದೇ ಯಂತ್ರದಲ್ಲಿ, ತೂಕ ನೋಡಿ ಬರೆದಿಡಿ. ಅರವತ್ತು ಕೆಜಿ ಇದ್ದವರು ಆರು ತಿಂಗಳಲ್ಲಿ ತಾವಾಗಿ ಇಳಿಸದೆಯೇ ಮೂರು ಕೆಜಿಗಿಂತ ಹೆಚ್ಚು ಇಳಿದರೆ ಮುಂದಿನ ತಾರೀಖಿಗೆ ಕಾಯಬೇಡಿ, ಡಾಕ್ಟರಿಗೆ ಹೇಳಿ. ಮೊದಲೇ ತೆಳ್ಳಗಿದ್ದವರಾದರೆ ಅಷ್ಟು ಇಳಿಯುವ ತನಕವೂ ಕಾಯಬೇಡಿ. ತೂಕದ ಯಂತ್ರ ಸಿಗಲಿಲ್ಲವೇ? ಅವರ ಬಟ್ಟೆಯನ್ನಾದರೂ ಒಮ್ಮೆ ಒಳಮಗ್ಗುಲು ತಿರುಗಿಸಿ ನೋಡಿ.