ಬೆಳ್ಳಗಾದ ಐದು ಬಿಲ್ಲೆಗಳು

ಮೂರನೆಯ ರೊಟ್ಟಿ ಹಂಚಿನ ಮೇಲೆ ಉಬ್ಬುತ್ತಿದ್ದಾಗ ಅತ್ತೆ ಲಕ್ಷ್ಮೀಬಾಯಿ ಹಿತ್ತಲಿನಿಂದ ತಾಟು ಹಿಡಿದು ಬಂದರು.

"ನೀಲಾ, ರೊಟ್ಟಿ ಬಿಡು. ಇಲ್ಲಿ ನೋಡಬಾ, ನಿನ್ನ ಕೆಲಸ ಮಾಡಿಟ್ಟೀನಿ."

ತಾಟಿನ ತುಂಬ ಬೂದಿ. ಅದರ ಮೇಲೆ ಅಂಗಿಯ ಗುಂಡಿಯಷ್ಟು ಅಗಲದ ಐದು ಬಿಲ್ಲೆಗಳು, ಬೆಳ್ಳಗೆ. ನಿನ್ನೆ ಸೊಲ್ಲಾಪುರದಿಂದ ಅಕ್ಕಲಕೋಟೆಗೆ ತರುವಾಗ ಅವು ಕಪ್ಪಗಿದ್ದವು.

ಮಗಳು ಸ್ನೇಹಲಳನ್ನು ಅತ್ತೆಯ ಹತ್ತಿರ ಬಿಟ್ಟು, ಆ ಬಿಲ್ಲೆಗಳೊಂದಿಗೆ ಹತ್ತು ಗಂಟೆಯ ಗಾಡಿಗೆ ನಾನು ಹೈದರಾಬಾದಿಗೆ ಹೊರಡಬೇಕಿತ್ತು. ಅಲ್ಲಿನ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನನಗೆ ನಾಳೆ ಎರಡು ತಾಸಿನ ಸಮಯ ಸಿಕ್ಕಿತ್ತು. ಅದಕ್ಕೆ ನಾಲ್ಕು ತಿಂಗಳು ಕಾದಿದ್ದೆ. ಇನ್ನೊಮ್ಮೆ ಸಿಗುವ ಹೊತ್ತಿಗೆ ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಅವಧಿಯೇ ಮುಗಿದಿರುತ್ತದೆ.

"ಅತ್ತಿ, ಇವು ನಿಮ್ಮ ಕೈಗೆ ಹೆಂಗ ಬಂದೂರಿ?"

"ಸ್ನೇಹಲ ತೋರ್ಸಿದಳು. ನಮ್ಮ ಮಮ್ಮಿ ಭಟ್ಟ್ಯಾಗ ಸುಟ್ಟಾಳ ಅಂದ್ಲು. ನೋಡ್ತೀನಿ, ಕರ್ರಗ! ಇಭೂತಿ ಕರ್ರಗ ಉಳೀತಂದ್ರ ಕಚ್ಚಾ, ಹೊಳ್ಳಿ ಬೆಂಕಿಗಿ ಹಾಕ್ಬೇಕು. ನಮ್ಮ ತವರಮನ್ಯಾಗ ಸಣ್ಣ ಕೂಸಿಗೂ ಗೊತ್ತದ. ಇಷ್ಟು ಸಾಲಿ ಕಲ್ತಾಳ, ನಮ್ಮ ಸೊಸಿಗಿ ಸುಡಾಕ ಬರಲಿಲ್ಲಲ್ಲ ಅಂತ ನಕ್ಕೆ." ಮತ್ತೆ ನಕ್ಕರು. "ರಾತ್ರಿ ಕುಳ್ಳಿನ ಕೆಂಡದಾಗ ಹುಗಿದಿಟ್ಟಿದ್ದೆ. ಹಾಲಿನಂಗ ಆಗ್ಯಾವ. ಹಂಗೇ ಒಯ್ದಿದ್ರ ಸಾಹೇಬ್ರ ಮುಂದ ಮಾನ ಹೋಗ್ತಿತ್ತು."

ಹಂಚಿನ ಮೇಲಿನ ರೊಟ್ಟಿ ಸೀದಿತು. ಅದನ್ನು ತೆಗೆದು ಬದಿಗಿಟ್ಟೆ.

ವಿಭೂತಿ ಮಾಡುವ ಮನೆತನದಿಂದ ಬಂದ ಅತ್ತೆ ಹೇಳಿದ್ದರಲ್ಲಿ ವಿಭೂತಿಯ ಮಟ್ಟಿಗೆ ತಪ್ಪಿರಲಿಲ್ಲ. ನನ್ನ ಬಿಲ್ಲೆ ಬೇರೆಯ ವಸ್ತು. ಅದು ಸ್ಟ್ರಾನ್ಷಿಯಂ ಟೈಟನೇಟ್, ಪೆರೋವ್‌ಸ್ಕೈಟ್ ಎಂಬ ಹರಳುಗಳ ಜಾತಿಯದು. ಅದರ ಹರಳಿನೊಳಗೆ ಆಮ್ಲಜನಕದ ಪರಮಾಣುಗಳು ತಮ್ಮ ತಮ್ಮ ಜಾಗದಲ್ಲಿ ಕೂತಿರುವಾಗ ಬಿಲ್ಲೆ ಬೆಳ್ಳಗಿರುತ್ತದೆ. ಗಾಳಿಯಿಲ್ಲದ ಕುಲುಮೆಯಲ್ಲಿ ಕಾಯಿಸಿದರೆ ಕೆಲವು ಪರಮಾಣುಗಳು ಎದ್ದು ಹೋಗುತ್ತವೆ, ಜಾಗಗಳು ಖಾಲಿ ಉಳಿಯುತ್ತವೆ, ಬಿಲ್ಲೆ ಕಪ್ಪಾಗುತ್ತದೆ. ಆ ಖಾಲಿ ಜಾಗಗಳು ಚದುರಿ ಬಿದ್ದಿವೆಯೋ, ಸಾಲು ಹಿಡಿದು ನಿಂತಿವೆಯೋ ಎಂಬುದನ್ನು ನಾನು ನೋಡಬೇಕಿತ್ತು. ಈಗ ಬೆರಣಿ ಕೆಂಡದ ಬಿಸಿಯಲ್ಲಿ ಗಾಳಿಯಿಂದ ಆಮ್ಲಜನಕ ಒಳಗೆ ಹೋಗಿ ಕೂತಿದೆ. ಕಪ್ಪಾಗಿದ್ದಾಗ ತೆಗೆದ ಅಳತೆಗಳು ಲ್ಯಾಪ್‌ಟಾಪಿನಲ್ಲಿದ್ದವು, ಆ ಕಪ್ಪು ಬಿಲ್ಲೆಗಳು ಮಾತ್ರ ಈಗ ಇರಲಿಲ್ಲ.

ಸ್ನೇಹಲಳಿಗೆ ಇದನ್ನೆಲ್ಲ ನಿನ್ನೆ ಪ್ಯಾಸೆಂಜರ್ ಗಾಡಿಯಲ್ಲಿ ಹೇಳಿದ್ದೆ. ಹೋಟಗಿ ಸ್ಟೇಷನ್ನಿನಲ್ಲಿ ಬೋಗಿಯ ಅರ್ಧ ಮಂದಿ ಇಳಿದಾಗ ಖಾಲಿಯಾದ ಸೀಟುಗಳನ್ನು ತೋರಿಸಿ, ಬಿಲ್ಲೆಯೊಳಗೆ ಹೀಗೇ ಆಗಿದೆ ಎಂದಿದ್ದೆ. ಎಂಟು ವರ್ಷದವಳು, ಎದ್ದು ಓಡಾಡಿ ಸೀಟು ಎಣಿಸಿ ಬಂದಿದ್ದಳು. ಈಗ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಜಡೆಯ ತುದಿ ಬಾಯಿಗಿಟ್ಟುಕೊಂಡು ತಾಟನ್ನೇ ನೋಡುತ್ತಿದ್ದಳು. ಏನೋ ಕೇಳಲು ಬಾಯಿ ತೆರೆದು ಮುಚ್ಚಿದಳು.

"ಏನವ್ವಾ?" ಎಂದೆ.

"ಏನಿಲ್ಲ."

ಹೊಡೆಯುತ್ತೀಯಾ ಎಂದು ಕೇಳುವುದಿರಬೇಕು ಅನ್ನಿಸಿತು. ತಲೆ ಸವರಿದೆ. ಅವಳ ಹಣೆಗೆ ಹಿಟ್ಟು ಹತ್ತಿತು.

"ಬೇಸಾಗ್ಯಾವಿಲ್ಲೊ?" ಅತ್ತೆ ಕೇಳಿದರು.

"ಛಲೋ ಬೆಳ್ಳಗ ಆಗ್ಯಾವ್ರಿ, ಅತ್ತಿ."

ಸುಳ್ಳೇನೂ ಹೇಳಲಿಲ್ಲ. ಅತ್ತೆ ಸೀದ ರೊಟ್ಟಿಯನ್ನು ಎಮ್ಮೆಗೆ ಹಾಕಲು ಒಯ್ದರು.

ಬಿಲ್ಲೆಗಳನ್ನು ಒರೆಸಿ ಡಬ್ಬಿಗೆ ಹಾಕಿದೆ. ಇವನ್ನು ಒಯ್ದು ಏನು ನೋಡುವುದು? ನನ್ನ ಸಮಯ ಬೇರೆ ಯಾರಿಗಾದರೂ ಸಿಗಲಿ ಎಂದು ಮಾರ್ಗದರ್ಶಕರಾದ ಕಲ್ಯಾಣಪ್ಪ ಸರ್‌ಗೆ ಫೋನ್ ಹಚ್ಚಿದೆ. ರಿಂಗ್ ಆಗುತ್ತಿತ್ತು. ಸ್ನೇಹಲ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು, ಮುಚ್ಚಳ ಬಿಚ್ಚಿ, ಒಂದು ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಹಾಂ, ನೀಲಗಂಗಾ, ಗಾಡಿ ಹತ್ತಿದ್ರೇನು?" ಸರ್ ಧ್ವನಿ.

"ಸರ್, ನಾ ಹೈದರಾಬಾದಿಗಿ..."

ಸ್ನೇಹಲ ನನ್ನ ಸೆರಗು ಜಗ್ಗಿದಳು. ಬೆಳಗಿನಿಂದ ಬಾಯಲ್ಲೇ ಇಟ್ಟುಕೊಂಡಿದ್ದನ್ನು ಈಗ ಸರ್‌ಗೂ ಕೇಳುವಷ್ಟು ಜೋರಾಗಿ ಕೇಳಿದಳು.

"ಮಮ್ಮಿ, ಹೋಟಗ್ಯಾಗ ಹೊಸ ಮಂದಿ ಹತ್ತಿದ್ರ ಖಾಲಿ ಸೀಟೆಲ್ಲಾ ತುಂಬ್ತಾವೇನು? ಬಿಲ್ಲ್ಯಾಗೂ ಯಾವುದಾರ ಒಂದು ಇನ್ನೂ ಖಾಲಿ ಉಳದಿದ್ರ, ಹೈದರಾಬಾದಿನ ಮಷೀನ್ಯಾಗ ಕಾಣಂಗಿಲ್ಲೇನು?"