ಹೆಸರಿನ ಕೆಳಗಿನ ಸಾಲು

ನಮ್ಮೂರಲ್ಲಿ ಅಡ್ಡಹೆಸರಿನಿಂದ ಅರ್ಧಕ್ಕರ್ಧ ಜನ ಹ್ರೊವಾಟಿನ್‌ಗಳು. ಹ್ರೊವಾಟಿನ್ ಮನೆ ಯಾವುದು ಅಂತ ಕೇಳಿಕೊಂಡು ಬಂದವನು ಕತ್ತಲಾಗುವವರೆಗೂ ಬಾಗಿಲು ಬಡಿಯುತ್ತಲೇ ಇರಬೇಕು. ಅದಕ್ಕೇ ನಮ್ಮಲ್ಲಿ ಪ್ರತಿ ಮನೆಗೂ ಒಂದು ಹೆಸರು. ಅಲ್ಲಿ ಯಾರು ಬಂದು ಉಳಿದರೂ ಅವರಿಗೆ ಅದೇ. ನಾನು ಮದುವೆಯಾಗಿ ಹೊಸಿಲು ದಾಟಿದ ಮರುದಿನವೇ 'ಕಮ್ಮಾರರ ಮನೆ ದಾರಿಂಕಾ' ಆಗಿಬಿಟ್ಟೆ. ಈ ಮನೆಯಲ್ಲಿ ಸುತ್ತಿಗೆ ಹಿಡಿದವರನ್ನು ನನ್ನ ಮಾವನೂ ಕಂಡಿಲ್ಲ.

ಊರಲ್ಲಿ ಯಾರಾದರೂ ತೀರಿಕೊಂಡರೆ ಸಾವಿನ ಚೀಟಿ ಬರೆದು ಚರ್ಚಿನ ಪಕ್ಕದ ಹಲಗೆಗೆ ಅಂಟಿಸುವುದು ನನ್ನ ಕೆಲಸ. ಮೇಲೆ ಹೆಸರು, ಕೆಳಗೆ ಮನೆಹೆಸರು. ಕೆಳಗಿನ ಸಾಲು ಇಲ್ಲದಿದ್ದರೆ ಸತ್ತವರು ಯಾರೆಂದು ಯಾರಿಗೂ ತಿಳಿಯುವುದಿಲ್ಲ.

ಮಂಗಳವಾರ ಬೆಳಿಗ್ಗೆ ಪಕ್ಕದ ಮನೆಯ ಜುಮ್ರಾ ಆಸ್ಪತ್ರೆಯಿಂದ ಫೋನ್ ಮಾಡಿದಳು. ಗಂಡ ಫೆರಿದ್ ಹೋಗಿಬಿಟ್ಟಿದ್ದ. "ಫೆರಿದ್ ಮುಯ್ಕಿಚ್ ಅಂತ ಬರೀರಿ ಅಕ್ಕಾ," ಅಂದಳು. ಅವರ ಅಡ್ಡಹೆಸರು ಮುಯ್ಕಿಚ್ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಒಂದೇ ಗೋಡೆಯ ಆಚೆ ಈಚೆ ಬದುಕಿದವರು ನಾವು. ಚಳಿಗಾಲದ ಬುರ್ಯಾ ಬಿರುಗಾಳಿಗೆ ನಮ್ಮ ಚಾವಣಿಗೆ ಹೊದಿಸಿದ ಕಲ್ಲು ಹಾರಿದಾಗಲೆಲ್ಲ ಏಣಿ ಹತ್ತಿದವನು ಅವನೇ.

ಅವನು ಕೊಂಡದ್ದು ಲೂಕೆಜ್ ಮನೆ. ಊರಿನ ಪದ್ಧತಿಯಂತೆ ಅವನು 'ಲೂಕೆಜ್ ಮನೆ ಫೆರಿದ್' ಆಗಬೇಕಿತ್ತು. ಆದರೆ ಎಲ್ಲರ ಬಾಯಲ್ಲೂ ಅವನು ಬೊಸಾನೆಟ್ಸ್, ಅಂದರೆ ಬೋಸ್ನಿಯಾದವನು. ಎದುರಿಗೇ ಹಾಗೆ ಕರೆಯುತ್ತಿದ್ದೆವು. ಅವನೂ ನಕ್ಕು ಓಗೊಡುತ್ತಿದ್ದ.

ಮಾವ ವಿಕ್ಟರ್ ಹುಳಿಕೋಸಿನ ಸಾರು ಕುಡಿಯುತ್ತಾ ಕೂತಿದ್ದರು. "ಮಾವ, ಕೆಳಗಿನ ಸಾಲಿಗೆ ಏನು ಬರೀಲಿ?" ಅಂದೆ.

"ಅದರಲ್ಲಿ ಕೇಳೋದೇನಿದೆ? ಬೊಸಾನೆಟ್ಸ್ ಅಂತ ಬರಿ."

"ಸತ್ತವರಿಗೆ ಹಾಗೆ ಬರೀತಾರಾ?"

"ನಮ್ಮ ಮೂಲದ ಅಜ್ಜನಿಗೆ ಏನಂದ್ರು ಮತ್ತೆ? ಕ್ರೊಯೇಷಿಯಾ ಕಡೆಯಿಂದ ಗಂಟು ಹೊತ್ಕೊಂಡು ಬಂದ. ಅವನಿಗೂ ಅಪ್ಪ ಅಮ್ಮ ಇಟ್ಟ ಹೆಸರು ಇತ್ತು, ಯಾರು ಕೇಳಿದ್ರು? ಕ್ರೊಯೇಷಿಯಾದವನು ಅನ್ನೋಕೆ ನಮ್ಮ ಮಾತಲ್ಲಿ ಹ್ರೊವಾಟಿನ್ ಅಂದ್ರು, ಅದೇ ಅಡ್ಡಹೆಸರಾಯ್ತು. ಅಂಥವರೇ ಇನ್ನೊಂದು ಕಡೆ ಹ್ರೊವಾತ್, ಮತ್ತೊಂದು ಕಡೆ ಹೊರ್ವಾತ್. ಈಗ ನಿನ್ನ ಗಂಡ ಅದನ್ನೇ ಹಿತ್ತಾಳೇಲಿ ಕೆತ್ತಿಸಿ ಬಾಗಿಲಿಗೆ ಹೊಡೆದಿದ್ದಾನೆ!"

ಅವರು ನಕ್ಕರು. ನನಗೆ ನಗು ಬರಲಿಲ್ಲ. 'ಲೂಕೆಜ್ ಮನೆ' ಅಂತ ದೊಡ್ಡದಾಗಿ ಬರೆದು ಅಂಟಿಸಿ ಬಂದೆ. ಮನಸ್ಸು ಹಗುರಾಯಿತು. ದೊಡ್ಡ ಉಪಕಾರ ಮಾಡಿದವಳ ಹಾಗೆ ಬೀಗಿದೆ, ನನ್ನ ಮುಖಕ್ಕಿಷ್ಟು.

ಮಧ್ಯಾಹ್ನ ಜುಮ್ರಾ ಬಸ್ಸಿಳಿದು ಹಲಗೆ ನೋಡಿದವಳೇ ನಮ್ಮನೆಗೆ ಬಂದಳು. ಕಣ್ಣಲ್ಲಿ ನೀರಿರಲಿಲ್ಲ.

"ಅಕ್ಕಾ, ಆ ಕೆಳಗಿನ ಸಾಲು ತೆಗೀರಿ."

"ಯಾಕೆ ಜುಮ್ರಾ? ನಿಮ್ಮನೆ ಹೆಸರೇ ಅಲ್ವಾ?"

"ಮನೆ ಮಾರುವಾಗ ಲೂಕೆಜ್ ಅಜ್ಜಿ ಇವರಿಗೆ ಹೇಳಿದ್ಲು, ಇನ್ಮೇಲೆ ನೀನೇ ಲೂಕೆಜ್ ಅಂತ. ಎಷ್ಟು ಖುಷಿಪಟ್ಟಿದ್ರು ಗೊತ್ತಾ? ಯಾರಾದ್ರೂ ಹಾಗೆ ಕರೀತಾರೇನೋ ಅಂತ ಕಾದ್ರು. ಮೊದಮೊದಲು ಸಂಜೆ ಬಂದು ನಂಗೆ ಹೇಳೋರು, 'ಇವತ್ತೂ ಇಲ್ಲ' ಅಂತ. ಆಮೇಲೆ ಹೇಳೋದೂ ಬಿಟ್ರು. ಕಿವಿ ಕೇಳೋವಾಗ ಒಂದ್ಸಲಾನೂ ಕರೀಲಿಲ್ಲ. ಈಗ ಬರೆದು ಯಾರಿಗೆ ತೋರಿಸ್ತೀರಿ?"

"ತಪ್ಪಾಯ್ತು ಕಣೇ. ಖಾಲಿ ಬಿಡ್ತೀನಿ," ಅಂದೆ.

"ಖಾಲಿ ಬಿಟ್ರೆ ಯಾರೋ ಏನೋ ಅಂದ್ಕೊಂಡು ಮಣ್ಣಿಗೆ ಒಬ್ಬರೂ ಬರಲ್ಲ. ನೀವು ಕರೀತಿದ್ದದ್ದನ್ನೇ ಬರೀರಿ."

ನಾನು ಬರೆದು ಮುಗಿಸುವವರೆಗೂ ಅವಳು ಮೇಜಿನ ಪಕ್ಕದಲ್ಲೇ ನಿಂತಿದ್ದಳು. ಏಣಿ ಬೇಕಾದಾಗ, ಸೌದೆ ಒಡೆಸಬೇಕಾದಾಗ ಗೋಡೆಯ ಮೇಲಿಂದ ಎಷ್ಟು ಸಲ ಕೂಗಿದ ಶಬ್ದ! ಬೊಸಾನೆಟ್ಸ್ ಅಂತ ಒಂದೊಂದೇ ಅಕ್ಷರ ಬರೆದೆ. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಹೊಸ ಚೀಟಿ ಅಂಟಿಸಿ ಹಲಗೆಯ ಪಕ್ಕದಲ್ಲೇ ನಿಂತೆ. ಜನ ಬಂದರು. ಟೋಪಿ ತೆಗೆದು ಓದಿದರು. "ಅಯ್ಯೋ, ನಮ್ಮ ಬೊಸಾನೆಟ್ಸ್ ಹೋದನಾ? ಚಿನ್ನದಂಥ ಮನುಷ್ಯ," ಅಂತ ಕಣ್ಣೊರೆಸಿಕೊಂಡರು. ಕೆಳಗಿನ ಸಾಲು ತಪ್ಪಾಗಿದೆ, ತಿದ್ದು ಅಂತ ಯಾರಾದರೂ ಒಬ್ಬರು ಬೈಯಲಿ ಅಂತ ಸಂಜೆಯವರೆಗೂ ಕಾದೆ. ಒಬ್ಬರೂ ಬೈಯಲಿಲ್ಲ.