ಇನ್ನೂರ ಹದಿನಾಲ್ಕನೆಯ ತುಂಡು

ಟ್ರಂಕಿನ ತಳದಿಂದ ಅಪ್ಪನ ಹಸಿರು ರಟ್ಟಿನ ಪುಸ್ತಕವನ್ನು ಎಳೆದು ಮಗಳು ಚೀಲಕ್ಕೆ ತುರುಕುವಷ್ಟರಲ್ಲಿ ಚಿಕ್ಕಪ್ಪ ಬಾಗಿಲಿಗೆ ಬಂದ.

"ಗಾಡಿ ಬಂತು ಕಣಮ್ಮ. ಇನ್ನೂ ಏನು ಹುಡುಕ್ತಿದೀಯ?"

"ಸಿಕ್ತು, ನಡಿ," ಎಂದಳು. ಚಿತಾಗಾರದಲ್ಲಿ ಅಪ್ಪನ ಸಂಸ್ಥೆಯ ಪ್ರೊಫೆಸರರು ಮಾತು ಮುಗಿಸಿದ ಕೂಡಲೇ ಎದ್ದು ನಿಂತು ಅದರ ಒಂದು ಪುಟವನ್ನು ಎಲ್ಲರೆದುರು ಓದಿಬಿಡಬೇಕು ಎಂದು ಅವಳು ಬೆಳಿಗ್ಗೆಯೇ ಹಟ ತೊಟ್ಟಿದ್ದಳು.

ಸತ್ತ ಅವಳ ಅಪ್ಪನನ್ನು ಹಿಮ ಸಂಶೋಧನಾ ಸಂಸ್ಥೆಯಲ್ಲಿ ಐಸಣ್ಣ ಎನ್ನುತ್ತಿದ್ದರು. ಧ್ರುವದ ಹಿಮರಾಶಿಯನ್ನು ಕೊರೆದು ತೆಗೆದ ಮಂಜುಗಡ್ಡೆ ತುಂಡುತುಂಡಾಗಿ ಶೀತಲ ಕೋಣೆಗೆ ಬರುತ್ತಿತ್ತು. ವರ್ಷಕ್ಕೊಂದರಂತೆ ಕೂತ ಅದರ ಪದರಗಳನ್ನು ಎಣಿಸುವುದು ಮೂವತ್ತೊಂದು ವರ್ಷ ಅವನ ಕೆಲಸ. ಧ್ರುವವನ್ನು ಅವನು ಕಂಡವನಲ್ಲ. ಅಲ್ಲಿಗೆ ನಾಲ್ಕು ಸಲ ಹೋಗಿಬಂದ ಪ್ರೊಫೆಸರರಿಗೆ ಹೆಸರು ಬಂತು. ಇಲ್ಲೇ ಕೂತ ಇವನಿಗೆ ಶೀತ ಕಚ್ಚಿ ಎರಡು ಬೆರಳಿನ ತುದಿ ಹೋಯಿತು.

ಪ್ರೊಫೆಸರರ ಹೆಸರೆಲ್ಲ ಒಂದು ಮಾತಿನ ಮೇಲೆ ನಿಂತಿತ್ತು. ಸಾವಿರಾರು ವರ್ಷಗಳ ಹಿಂದೆ ಭೂಮಿ ಬೆಚ್ಚಗಾಗುತ್ತಿದ್ದಾಗ ನಡುವೆ ಎಂಬತ್ತು ವರ್ಷ ಚಳಿ ಮರಳಿತು, ಹಿಂದೆ ಸರಿಯುತ್ತಿದ್ದ ಹಿಮನದಿ ಮತ್ತೆ ಕೆಳಗಿಳಿದು ಕಣಿವೆಯನ್ನು ಕೊರೆಯಿತು ಎಂದು ಅವರು ಬರೆದಿದ್ದರು. ಕಳೆದ ತಿಂಗಳು ಇನ್ನೊಂದು ತಂಡ ಅದನ್ನು ಅಲ್ಲಗಳೆಯಿತು: ಚಳಿ ಮರಳಿರಲೇ ಇಲ್ಲ, ಮಂಜಿನ ಒಂದು ತುಂಡನ್ನು ತಲೆಕೆಳಗಾಗಿಟ್ಟು ಓದಿದ್ದಾರೆ. ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿಯ ಹಾಗೆ ಪ್ರೊಫೆಸರರು ಐಸಣ್ಣನತ್ತ ಬೆರಳು ತೋರಿಸಿದರು. ಮಂಗಳವಾರ ಅವನಿಗೆ ನೋಟೀಸು ಬಂತು. ಗುರುವಾರ ಬೆಳಿಗ್ಗೆ ಅವನು ಏಳಲಿಲ್ಲ.

*

ಆರು ವರ್ಷದ ಹಿಂದೆ ಒಂದು ಸಂಜೆ ಅಪ್ಪ ತಟ್ಟೆ ಪಕ್ಕಕ್ಕೆ ಸರಿಸಿ ಕೂತಿದ್ದ.

"ಜ್ವಾಲಾಮುಖಿ ಬೂದಿ ಬಿದ್ದ ಪದರ ಕೆಳಗಡೆ ಕಪ್ಪಗಿರತ್ತೆ ಮಗಳೇ, ಮೇಲಕ್ಕೆ ಹೋದ ಹಾಗೆ ಮಾಸತ್ತೆ. ಇವತ್ತಿನ ತುಂಡಲ್ಲಿ ಉಲ್ಟಾ ಇದೆ."

"ಪ್ರೊಫೆಸರ್ ಸಾಹೇಬರಿಗೆ ಹೇಳಿದ್ಯಾ?"

"ಹೇಳ್ದೆ. ಎಣಿಸೋದು ನಿನ್ನ ಕೆಲಸ, ಓದೋದು ನನ್ನ ಕೆಲಸ ಅಂದ್ರು." ನಕ್ಕ. ಆಮೇಲೆ ಹಸಿರು ಪುಸ್ತಕ ತೆಗೆದು ಗುಂಡಗಿನ ಅಕ್ಷರದಲ್ಲಿ ಬರೆದ: ಇನ್ನೂರ ಹದಿನಾಲ್ಕನೆಯ ತುಂಡು ತಲೆಕೆಳಗಾಗಿದೆ. ಸಾಹೇಬರಿಗೆ ತಿಳಿಸಿದೆ. ಹಾಗೇ ಎಣಿಸು ಎಂದರು. ತಾರೀಖು ಹಾಕಿ ಸಹಿ ಮಾಡಿದ.

*

ವಿದ್ಯುತ್ ಚಿತಾಗಾರದ ಹಾಲ್‌ನಲ್ಲಿ ಸಂಸ್ಥೆಯ ಸ್ಟೋರ್‌ಕೀಪರ್ ಪಕ್ಕದವನ ಕಿವಿಯಲ್ಲಿ, "ಜೀವಮಾನವೆಲ್ಲ ಫ್ರೀಜರ್‌ನಲ್ಲಿ ಕಳೆದ. ಇವತ್ತಾದ್ರೂ ಬೆಚ್ಚಗಾಗ್ತಾನೆ ಬಿಡಿ," ಎಂದ. ಇಬ್ಬರೂ ಕರವಸ್ತ್ರ ಅಡ್ಡ ಹಿಡಿದು ನಕ್ಕರು. ನೋಡಿದವರು ಅಳುತ್ತಿದ್ದಾರೆಂದೇ ತಿಳಿದರು.

ಪ್ರೊಫೆಸರರು ಹೆಣದ ತಲೆಯ ಬಳಿ ನಿಂತರು. "ಇವನು ಒಂದು ತಪ್ಪು ಮಾಡಿದ. ನನ್ನ ಜೀವಮಾನದ ಕೆಲಸ ನೀರುಪಾಲಾಯ್ತು. ಆದ್ರೂ ಎಲ್ಲರ ಮುಂದೆ ಹೇಳ್ತೀನಿ, ನಾನು ಇವನನ್ನ ಕ್ಷಮಿಸಿದ್ದೀನಿ."

ಹಾಲ್‌ನಲ್ಲಿ ಬಿಕ್ಕುವ ಸದ್ದು ಕೇಳಿತು. ಎಂಥ ದೊಡ್ಡ ಮನಸ್ಸು ಎಂದರು ಯಾರೋ. ಮಗಳ ಮೈಯೆಲ್ಲ ಉರಿಯಿತು. ಪುಸ್ತಕ ತೆಗೆದು ಎದ್ದಳು. ಅಮ್ಮ ಅವಳ ಮುಂಗೈ ಹಿಡಿದಳು.

"ಕೂತ್ಕೊಳೇ. ಅಪ್ಪನ ಜಾಗ ನಿನಗೆ ಕೊಡ್ತಾರಂತೆ. ಕ್ವಾರ್ಟರ್ಸೂ ಬಿಡಿಸಲ್ವಂತೆ. ಸಾಹೇಬ್ರು ಬೆಳಿಗ್ಗೆ ಮಾತು ಕೊಟ್ಟಿದಾರೆ."

"ಅಪ್ಪನ ಹೆಸರು?"

"ಹೆಸರು ಹೊದ್ಕೊಂಡು ಮಲಗ್ತೀಯಾ?"

ಅಮ್ಮ ಪುಸ್ತಕ ಕಿತ್ತುಕೊಂಡು ಪ್ರೊಫೆಸರರ ಕೈಗೆ ಕೊಟ್ಟಳು. ಅವರು ಪುಟ ತಿರುವಿದರು, ಒಂದು ಕಡೆ ನಿಂತರು, ಮುಚ್ಚಿದರು. ಆಮೇಲೆ ಮಗುವನ್ನು ಮಲಗಿಸುವಷ್ಟು ಮೆಲ್ಲಗೆ ಅದನ್ನು ಸತ್ತವನ ಎದೆಯ ಮೇಲಿಟ್ಟರು. "ಅವನ ಲೆಕ್ಕ ಅವನ ಜೊತೆಗೇ ಇರಲಿ."

ಕುಲುಮೆಯ ಕೆಲಸದವನಿಗೆ ಈ ನಾಟಕ ಒಂದೂ ಗೊತ್ತಿರಲಿಲ್ಲ. ಗುಂಡಿಯ ಮೇಲೆ ಬೆರಳಿಟ್ಟು, "ಮಗಳು ನೀವೇ ಅಲ್ವಾ? ಪುಸ್ತಕ ತೆಗೀಲಾ, ಇರ್ಲಿ ಅಂತೀರಾ?" ಎಂದು ಕೇಳಿದ.

ಎಲ್ಲರೂ ಅವಳನ್ನೇ ನೋಡಿದರು. ಒಂದು ಹೆಜ್ಜೆ ಮುಂದಿಟ್ಟು ಕೈ ಚಾಚಿದರೆ ಸಾಕಿತ್ತು. ಅವಳು ಅಮ್ಮನ ಮುಖ ನೋಡಿದಳು.

"ಇರಲಿ," ಎಂದಳು.

ಕುಲುಮೆಯ ಬಾಗಿಲು ತೆರೆದು ಮುಚ್ಚಿತು. ಹಾಲ್‌ನಲ್ಲಿ ಎಲ್ಲರ ಹಣೆಯಲ್ಲೂ ಬೆವರೊಡೆಯಿತು. ಆಗ ಸ್ಟೋರ್‌ಕೀಪರ್ ಕಂಕುಳಲ್ಲಿದ್ದ ಗಂಟು ಬಿಚ್ಚಿದ. ಶೀತಲ ಕೋಣೆಯ ದಪ್ಪ ಕೋಟು.

"ಸಾಹೇಬ್ರು ಕೊಡೋಕೆ ಹೇಳಿದ್ರು. ಸೋಮವಾರ ಎಂಟು ಗಂಟೆಗೆ ಬಾ. ಅಳತೆ ಸರಿ ಇದ್ಯಾ ನೋಡ್ಕೊಳಮ್ಮ."

"ಹಾಕ್ಕೊ," ಎಂದಳು ಅಮ್ಮ.

ತೋಳು ಉದ್ದವಾಯಿತು. ಅಮ್ಮ ಅದನ್ನು ಎರಡು ಸಲ ಮಡಿಚಿದಳು. ಬೆವರು ಇಳಿಯುತ್ತಿದ್ದ ಮಗಳ ಕುತ್ತಿಗೆಯವರೆಗೆ ಒಂದೊಂದಾಗಿ ಗುಂಡಿ ಹಾಕಿದಳು.